ಕ್ಯಾಮ್ ಬದಲಿಸಿದ ಮೇಲೆ ಗಾಡಿ ಎಳೆಯುತ್ತಿಲ್ಲವೇ? ಕೂರಿಸಿದ್ದರಲ್ಲಿ ತಪ್ಪೋ, ಆರಿಸಿದ್ದರಲ್ಲಿ ತಪ್ಪೋ ನೋಡಿ

ಗಾಳಿ-ಪೆಟ್ರೋಲ್ ಒಳಗೆ, ಹೊಗೆ ಹೊರಗೆ ಬಿಡುವ ಬಾಗಿಲುಗಳೇ ವಾಲ್ವ್. ಅವನ್ನು ಎತ್ತಿ ತೆರೆಯುವ, ಉಬ್ಬುಗಳಿರುವ ದಂಡ ಕ್ಯಾಮ್. ವಾಲ್ವನ್ನು ಹೆಚ್ಚು ಎತ್ತುವ, ಹೆಚ್ಚು ಹೊತ್ತು ತೆರೆದಿಡುವ ಕ್ಯಾಮ್‌ಗೆ ಪರ್ಫಾರ್ಮೆನ್ಸ್ ಕ್ಯಾಮ್ ಅನ್ನುತ್ತಾರೆ. ಬೈಕ್ ಇಂಜಿನ್‌ಗೆ ಅದನ್ನು ಹಾಕಿಸಿದವರ ದೂರು ಹುಬ್ಬಳ್ಳಿ-ಧಾರವಾಡದ ಗ್ಯಾರೇಜುಗಳಲ್ಲಿ ಹೆಚ್ಚಾಗಿ ಒಂದೇ ಸಾಲಿನದು: "ಗಾಡಿ ಎಳೀವಲ್ತ್ರಿ, ಈ ಕ್ಯಾಮ್ ಸರಿ ಇಲ್ಲ." ಅದರ ಹಿಂದೆಯೇ ಕ್ಯಾಮ್ ಬಿಚ್ಚಿ ವಾಪಸ್ ಕಳಿಸುವ ಮಾತು ಬರುತ್ತದೆ. ಸ್ವಲ್ಪ ತಡೆಯಿರಿ. ಇಲ್ಲಿ ಎರಡು ಬೇರೆ ಬೇರೆ ಪ್ರಶ್ನೆಗಳಿವೆ. ಕ್ಯಾಮ್ ಕೂರಿಸಿದ್ದರಲ್ಲಿ ತಪ್ಪಾಗಿದೆಯೋ, ಇಲ್ಲಾ ಆರಿಸಿದ್ದರಲ್ಲೇ ತಪ್ಪಾಗಿದೆಯೋ? ಮೊದಲನೆಯದಾದರೆ ಒಂದು ಮುಂಜಾನೆಯ ಕೆಲಸ. ಎರಡನೆಯದಾದರೆ ಎಷ್ಟು ಟ್ಯೂನ್ ಮಾಡಿದರೂ ಆ ಗಾಡಿ ಊರೊಳಗೆ ಸುಖ ಕೊಡುವುದಿಲ್ಲ. ಎರಡರ ಲಕ್ಷಣವೂ ಮೇಲ್ನೋಟಕ್ಕೆ ಒಂದೇ ಥರ ಕಾಣುತ್ತದೆ. ಅದಕ್ಕೇ ಕಡಿಮೆ ಖರ್ಚಿನ ಪರೀಕ್ಷೆಯಿಂದ ಶುರು ಮಾಡಿ ಒಂದೊಂದನ್ನೇ ತಳ್ಳಿಹಾಕುತ್ತಾ ಹೋಗಬೇಕು.

ಇದೆಲ್ಲ ಫೋರ್ ಸ್ಟ್ರೋಕ್ ಗಾಡಿಗಳ ಮಾತು. ಆರ್‌ಎಕ್ಸ್ 100ಕ್ಕೆ ಕ್ಯಾಮ್ ಹಾಕಬಹುದಾ ಅಂತ ಈಗಲೂ ಹುಡುಗರು ಕೇಳುತ್ತಾರೆ. ಟೂ ಸ್ಟ್ರೋಕ್ ಇಂಜಿನ್‌ನಲ್ಲಿ ಕ್ಯಾಮೂ ಇಲ್ಲ, ಅದು ತೆರೆಯಬೇಕಾದ ವಾಲ್ವೂ ಇಲ್ಲ. ಅಲ್ಲಿ ಏನಿದ್ದರೂ ಪೋರ್ಟಿನ, ಅಂದರೆ ಸಿಲಿಂಡರ್ ಗೋಡೆಯ ಕಿಂಡಿಗಳ ಆಟ.

ಪಾನಾ ಹಿಡಿಯುವ ಮೊದಲು

ಕ್ಯಾಮ್ ಜೊತೆ ಒಂದು ಚೀಟಿ ಬಂದಿರುತ್ತದೆ. ಅದಕ್ಕೆ ಕ್ಯಾಮ್ ಕಾರ್ಡ್ ಅನ್ನುತ್ತಾರೆ. ವಾಲ್ವ್ ಎಷ್ಟು ಡಿಗ್ರಿಗೆ ತೆರೆಯುತ್ತದೆ, ಎಷ್ಟಕ್ಕೆ ಮುಚ್ಚುತ್ತದೆ, ಲಿಫ್ಟ್ (ವಾಲ್ವ್ ಏಳುವ ಎತ್ತರ) ಎಷ್ಟು, ಟ್ಯಾಪೆಟ್ ಸಂದು (ವಾಲ್ವ್ ಮುಚ್ಚಿದಾಗ ಅದಕ್ಕೂ ಅದನ್ನು ಒತ್ತುವ ಭಾಗಕ್ಕೂ ನಡುವಿನ ಜಾಗ) ಎಷ್ಟಿರಬೇಕು, ಎಲ್ಲ ಅದರಲ್ಲಿರುತ್ತದೆ. ಕಾರ್ಡ್ ಇಲ್ಲದ ಕ್ಯಾಮನ್ನು ನಾನಾದರೆ ಇಂಜಿನ್‌ಗೆ ಹಾಕುವುದೇ ಇಲ್ಲ. "ಸ್ಟೇಜ್ ಟೂ" ಅಂತ ಡಬ್ಬದ ಮೇಲೆ ಬರೆದಿದ್ದರೆ ಅದರಿಂದ ಏನೂ ತಿಳಿಯುವುದಿಲ್ಲ. ಒಬ್ಬರ ಸ್ಟೇಜ್ ಟೂ ಇನ್ನೊಬ್ಬರ ಸ್ಟೇಜ್ ಒನ್ ಆಗಿರಬಹುದು.

ಬೇಕಾಗುವ ಸಾಮಾನು ಜಾಸ್ತಿ ಇಲ್ಲ. ಫೀಲರ್ ಗೇಜ್, ಪ್ಲಗ್ ಪಾನಾ, ಟಾರ್ಕ್ ರೆಂಚ್, ಒಂದು ಕಂಪ್ರೆಷನ್ ಗೇಜ್. ಗೇಜ್ ಇಲ್ಲದಿದ್ದರೆ ಬಾಡಿಗೆಗೋ ಕೈಗಡಕ್ಕೋ ತನ್ನಿ.

ಜೋಪಾನದ ಮಾತುಗಳನ್ನು ಇಲ್ಲೇ ಹೇಳಿಬಿಡುತ್ತೇನೆ. ಮುಚ್ಚಿದ ಶೆಡ್‌ನಲ್ಲಿ ಇಂಜಿನ್ ಓಡಿಸಬೇಡಿ. ಸೈಲೆನ್ಸರ್ ಹೊಗೆಯಲ್ಲಿರುವ ಕಾರ್ಬನ್ ಮೊನಾಕ್ಸೈಡ್‌ಗೆ ವಾಸನೆ ಇಲ್ಲ, ತಲೆ ತಿರುಗುವ ಹೊತ್ತಿಗೆ ತಡವಾಗಿರುತ್ತದೆ. ಪ್ಲಗ್ ಬಿಚ್ಚಿ ಸೆಲ್ಫ್ ಒತ್ತುವಾಗ ಪ್ಲಗ್ ಕ್ಯಾಪನ್ನು ಇನ್ನೊಂದು ಪ್ಲಗ್‌ಗೆ ಸಿಕ್ಕಿಸಿ ಇಂಜಿನ್‌ಗೆ ತಾಗಿಸಿಡಿ, ಪ್ಲಗ್ ತೂತಿನಿಂದ ದೂರಕ್ಕೆ. ಅಲ್ಲಿಂದ ಪೆಟ್ರೋಲ್ ಆವಿ ಬರುತ್ತಿರುತ್ತದೆ, ಕಿಡಿ ಹತ್ತಿರ ಇರಬಾರದು. ಮೇನ್ ಸ್ಟ್ಯಾಂಡ್ ಹಾಕಿ ಹಿಂದಿನ ಚಕ್ರ ತಿರುಗಿಸುವಾಗ ಹೆಗಲ ಮೇಲಿನ ಟವೆಲ್ ತೆಗೆದಿಡಿ, ಚೈನ್ ಹತ್ತಿರ ಬೆರಳು ಬೇಡ. ಇನ್ನು ಟ್ರಯಲ್ ನೋಡುವುದಕ್ಕೆ ಬೈಪಾಸ್ ರಸ್ತೆ ಖಂಡಿತ ಬೇಡ. ಆ ರಸ್ತೆ ಅಪಘಾತಕ್ಕೆ ಹೆಸರಾಗಿದ್ದು ಸುಮ್ನೆ ಅಲ್ಲ.

ಸ್ಟಾರ್ಟೇ ಆಗುತ್ತಿಲ್ಲ, ಅಥವಾ ಕಿಕ್ ವಾಪಸ್ ಹೊಡೆಯುತ್ತದೆ

ಮೊದಲ ಕೆಲಸ ಸೆಲ್ಫ್ ಒತ್ತುವುದನ್ನು ನಿಲ್ಲಿಸುವುದು. ಹೊಸದಾಗಿ ಕೂರಿಸಿದ ಕ್ಯಾಮ್ ಇರುವ ಇಂಜಿನ್ ಸ್ಟಾರ್ಟ್ ಆಗದಿದ್ದರೆ ಮತ್ತೆ ಮತ್ತೆ ಸೆಲ್ಫ್ ಕೊಡುವುದು ಅಪಾಯ. ಟೈಮಿಂಗ್ ತಪ್ಪಿದ್ದರೆ ವಾಲ್ವ್ ಹೋಗಿ ಪಿಸ್ಟನ್‌ಗೆ ಬಡಿಯುತ್ತಿರಬಹುದು.

ಪ್ಲಗ್ ಬಿಚ್ಚಿ. ಮ್ಯಾಗ್ನೆಟ್ (ಇಂಜಿನ್‌ನ ಮುಖ್ಯ ದಂಡವಾದ ಕ್ರ್ಯಾಂಕಿನ ತುದಿಯ ಚಕ್ರ) ಬೋಲ್ಟಿಗೆ ಪಾನಾ ಹಾಕಿ ಇಂಜಿನ್ ಓಡುವ ದಿಕ್ಕಿಗೇ ಕೈಯಿಂದ ನಿಧಾನವಾಗಿ ಎರಡು ಪೂರ್ತಿ ಸುತ್ತು ತಿರುಗಿಸಿ. ಎರಡು ಯಾಕೆಂದರೆ ಕ್ರ್ಯಾಂಕ್ ಎರಡು ಸುತ್ತು ಹೋದರೆ ಕ್ಯಾಮ್ ಒಂದು ಸುತ್ತು. ನಡುವೆ ಸ್ಪ್ರಿಂಗಿನ ಬಿಗಿ ಕೈಗೆ ಹತ್ತುತ್ತದೆ, ಅದು ಸಹಜ. ಗೋಡೆಗೆ ತಾಗಿದ ಹಾಗೆ ಟಕ್ ಅಂತ ನಿಂತರೆ ಅಲ್ಲಿಗೇ ಬಿಡಿ. ಜೋರು ಹಾಕಿದರೆ ವಾಲ್ವ್ ಬಾಗುತ್ತದೆ.

ಸಲೀಸಾಗಿ ತಿರುಗಿತು ಅಂದರೆ ಟೈಮಿಂಗ್ ಗುರುತು ನೋಡಿ. ಬಹಳಷ್ಟು ಗಾಡಿಗಳ ಮ್ಯಾಗ್ನೆಟ್ ಮೇಲೆ 'ಟಿ' ಮತ್ತು 'ಎಫ್' ಅಂತ ಎರಡು ಗುರುತು ಇರುತ್ತವೆ. 'ಟಿ' ಅಂದರೆ ಪಿಸ್ಟನ್ ಪೂರ್ತಿ ಮೇಲಿದೆ ಅಂತ. 'ಎಫ್' ಕಿಡಿ ಹತ್ತುವ ಜಾಗ. ಅವಸರದಲ್ಲಿ 'ಎಫ್' ನೋಡಿಕೊಂಡು ಕ್ಯಾಮ್ ಕೂರಿಸಿದ ಗಾಡಿಗಳು ಕಡಿಮೆ ಏನಿಲ್ಲ. 'ಟಿ' ಗುರುತು ಸರಿಯಾಗಿ ಎದುರು ಬಂದಾಗ ಕ್ಯಾಮ್ ಸ್ಪ್ರಾಕೆಟ್ ಮೇಲಿನ ಗೆರೆ ಕಂಪನಿ ಮ್ಯಾನ್ಯುವಲ್ ಹೇಳಿದ ಜಾಗದಲ್ಲಿ ಇರಬೇಕು. ಹೆಚ್ಚಿನ ಸಿಂಗಲ್ ಕ್ಯಾಮ್ ಇಂಜಿನ್‌ಗಳಲ್ಲಿ ಅದು ಹೆಡ್ಡಿನ ಅಂಚಿಗೆ ಸಮನಾಗಿರುತ್ತದೆ.

ಒಂದು ಹಲ್ಲು ತಪ್ಪಿದರೆ ಏನು ಮಹಾ ಅನ್ನುವವರಿದ್ದಾರೆ. ಲೆಕ್ಕ ಹಾಕಿ. ಸ್ಪ್ರಾಕೆಟ್‌ಗೆ 34 ಹಲ್ಲು ಇದ್ದರೆ ಒಂದು ಹಲ್ಲು ಅಂದರೆ ಕ್ಯಾಮ್‌ನಲ್ಲಿ 10.6 ಡಿಗ್ರಿ. ಕ್ರ್ಯಾಂಕ್ ಲೆಕ್ಕದಲ್ಲಿ ಅದು 21 ಡಿಗ್ರಿಗೂ ಜಾಸ್ತಿ. ಕ್ಯಾಮ್ ಬದಲಿಸಿ ಪಡೆಯಬೇಕು ಅಂದುಕೊಂಡದ್ದೆಲ್ಲ ಅಷ್ಟರಲ್ಲೇ ಹೋಯಿತು.

ಇನ್ನೊಂದು ಮೋಸ ಟೆನ್ಷನರ್‌ದು, ಅಂದರೆ ಕ್ರ್ಯಾಂಕಿನಿಂದ ಕ್ಯಾಮ್ ತಿರುಗಿಸುವ ಟೈಮಿಂಗ್ ಚೈನನ್ನು ಬಿಗಿ ಹಿಡಿಯುವ ಭಾಗದ್ದು. ಚೈನ್ ಕೂರಿಸುವಾಗ ಗುರುತು ಸರಿ ಇರುತ್ತದೆ. ಟೆನ್ಷನರ್ ಬಿಟ್ಟ ಕೂಡಲೇ ಚೈನಿನ ಸಡಿಲು ಎಳೆದುಕೊಂಡು ಗುರುತು ಸರಿಯುತ್ತದೆ. ಹಾಗಾಗಿ ಟೆನ್ಷನರ್ ಬಿಟ್ಟು, ಎರಡು ಸುತ್ತು ತಿರುಗಿಸಿ, ಆಮೇಲೆ ಮತ್ತೊಮ್ಮೆ ನೋಡಬೇಕು. ಹಳೇ ಬುಲೆಟ್ ಮತ್ತು ಯುಸಿಇ (ಇಂಜಿನ್, ಗಿಯರ್‌ಬಾಕ್ಸ್ ಒಂದೇ ಕವಚದಲ್ಲಿರುವ) ಇಂಜಿನ್‌ನ ಬುಲೆಟ್, ಕ್ಲಾಸಿಕ್‌ಗಳಲ್ಲಿ ಟೈಮಿಂಗ್ ಚೈನ್ ಇಲ್ಲ, ಗಿಯರ್ ಇವೆ. ಅಲ್ಲಿ ಗಿಯರ್ ಮೇಲಿನ ಗುರುತುಗಳು ಒಂದಕ್ಕೊಂದು ಎದುರಾಗಬೇಕು.

ಗುರುತೆಲ್ಲ ಸರಿ, ಆದರೂ ಸೆಲ್ಫ್ ಇಂಜಿನನ್ನು ತಿರುಗಿಸಲಾಗದೆ ಮುಕ್ಕರಿಯುತ್ತಿದೆ, ಕಿಕ್ ಕಾಲಿಗೆ ವಾಪಸ್ ಬರುತ್ತಿದೆ ಅಂದರೆ ಹಳೇ ಕ್ಯಾಮ್ ತೆಗೆದು ನೋಡಿ. ಕೆಲವು ಇಂಜಿನ್‌ಗಳಲ್ಲಿ ಸ್ಟಾರ್ಟ್ ಮಾಡುವಾಗ ಎಕ್ಸಾಸ್ಟ್ ವಾಲ್ವನ್ನು ಒಂಚೂರು ಎತ್ತಿ ಹಿಡಿಯುವ ಡಿಕಂಪ್ರೆಸರ್ ಕ್ಯಾಮ್ ಮೇಲೇ ಇರುತ್ತದೆ. ಹೊಸ ಕ್ಯಾಮ್‌ನಲ್ಲಿ ಅದು ಇಲ್ಲದಿದ್ದರೆ ಅಥವಾ ಹಳೆಯದರಿಂದ ಬಿಚ್ಚಿ ಇದಕ್ಕೆ ಹಾಕಲು ಮರೆತಿದ್ದರೆ ಹೀಗಾಗುತ್ತದೆ. ಬ್ಯಾಟರಿ ಬದಲಿಸಿ ಪ್ರಯೋಜನ ಇಲ್ಲ.

ಐಡ್ಲಿಂಗ್ ನಿಲ್ಲುತ್ತಿಲ್ಲ, ಸಿಗ್ನಲ್‌ನಲ್ಲಿ ಬಂದ್ ಆಗುತ್ತದೆ

ಇದರಲ್ಲಿ ಅರ್ಧ ದೋಷವೇ ಅಲ್ಲ. ಪರ್ಫಾರ್ಮೆನ್ಸ್ ಕ್ಯಾಮ್‌ನಲ್ಲಿ ಇನ್‌ಟೇಕ್ ಮತ್ತು ಎಕ್ಸಾಸ್ಟ್ ಎರಡೂ ವಾಲ್ವ್ ಒಟ್ಟಿಗೆ ತೆರೆದಿರುವ ಹೊತ್ತು ಜಾಸ್ತಿ. ಇದೇ ಓವರ್‌ಲ್ಯಾಪ್. ಇಂಜಿನ್ ನಿಧಾನ ಓಡುವಾಗ ಸುಟ್ಟ ಹೊಗೆ ಇನ್‌ಟೇಕ್ ಕಡೆಗೆ ವಾಪಸ್ ನುಗ್ಗಿ ಹೊಸ ಗಾಳಿ-ಪೆಟ್ರೋಲ್ ಜೊತೆ ಸೇರುತ್ತದೆ. ಅದಕ್ಕೇ ಆ ಡುಗ್ ಡುಗ್ ಕುಣಿತ. ಐಡ್ಲಿಂಗನ್ನು ಕಂಪನಿ ಹೇಳಿದ್ದಕ್ಕಿಂತ 200–300 ಆರ್‌ಪಿಎಂ ಮೇಲೆ ಇಟ್ಟು ನೋಡಿ. ನಿಂತರೆ ಅಷ್ಟೇ, ಮುಂದೆ ಹೋಗಬೇಡಿ.

ನಿಲ್ಲದಿದ್ದರೆ ಮ್ಯಾನಿಫೋಲ್ಡ್ (ಕಾರ್ಬೊರೇಟರ್‌ನಿಂದ ಹೆಡ್ಡಿಗೆ ಹೋಗುವ ಕೊಳವೆ) ಎಲ್ಲಾದರೂ ಗಾಳಿ ಎಳೆಯುತ್ತಿದೆಯಾ ನೋಡಿ. ಹೆಡ್ ಬಿಚ್ಚಿ ಹಾಕಿದ ಗಾಡಿಯಲ್ಲಿ ಆ ರಬ್ಬರ್ ಬೂಟ್ ಸರಿಯಾಗಿ ಕೂತಿರುವುದಿಲ್ಲ. ಇಂಜಿನ್ ಓಡುತ್ತಿರುವಾಗ ಬೂಟಿನ ಸುತ್ತ ನೀರು ಸ್ಪ್ರೇ ಮಾಡಿ. ಆರ್‌ಪಿಎಂ ಬದಲಾದರೆ ಸೀಳು ಅಲ್ಲೇ ಇದೆ. ಇದಕ್ಕೆ ಕಾರ್ಬೊರೇಟರ್ ಕ್ಲೀನರ್ ಹೊಡೆಯುವ ಅಭ್ಯಾಸ ಕೆಲವರದು. ಬಿಸಿ ಸೈಲೆನ್ಸರ್ ಪಕ್ಕ ಅದು ಬೆಂಕಿಗೆ ಆಹ್ವಾನ, ನೀರೇ ಸಾಕು.

ಆಮೇಲೆ ಪ್ಲಗ್. ಕಪ್ಪು ಮಸಿ ಹಿಡಿದಿದ್ದರೆ ಪೆಟ್ರೋಲ್ ಜಾಸ್ತಿ, ಬೆಳ್ಳಗಾಗಿದ್ದರೆ ಕಡಿಮೆ. ಕಾರ್ಬೊರೇಟರ್ ಗಾಡಿಗೆ ಮೊದಲು ಏರ್ ಸ್ಕ್ರೂ, ಆಮೇಲೆ ಪೈಲಟ್ ಜೆಟ್ (ಐಡ್ಲಿಂಗ್‌ನಲ್ಲಿ ಪೆಟ್ರೋಲ್ ಬಿಡುವ ಸಣ್ಣ ತೂತು) ನೋಡಿ. ಇಂಜೆಕ್ಷನ್ ಗಾಡಿಯ ಕಥೆ ಬೇರೆ. ಓವರ್‌ಲ್ಯಾಪ್ ಹೊತ್ತಿನಲ್ಲಿ ಸುಡದ ಗಾಳಿ ನೇರ ಸೈಲೆನ್ಸರ್‌ಗೆ ದಾಟುತ್ತದೆ. ಅಲ್ಲಿರುವ ಆಕ್ಸಿಜನ್ ಸೆನ್ಸರ್ ಅದನ್ನು ನೋಡಿ ಪೆಟ್ರೋಲ್ ಕಡಿಮೆ ಇದೆ ಅಂತ ತಪ್ಪು ತಿಳಿಯುತ್ತದೆ. ಇಸಿಯು, ಅಂದರೆ ಪೆಟ್ರೋಲ್ ಲೆಕ್ಕ ನೋಡುವ ಕಂಪ್ಯೂಟರ್, ಇನ್ನಷ್ಟು ಪೆಟ್ರೋಲ್ ಸುರಿಯುತ್ತದೆ. ಪ್ಲಗ್ ಕಪ್ಪಾಗುತ್ತದೆ, ಮೈಲೇಜ್ ಬೀಳುತ್ತದೆ, ಐಡ್ಲಿಂಗ್ ಇನ್ನೂ ಕೆಡುತ್ತದೆ. ಇದಕ್ಕೆ ಪಾನಾದಿಂದ ಪರಿಹಾರ ಇಲ್ಲ. ಆ ಕ್ಯಾಮ್‌ಗೆ ಹೊಂದುವ ಮ್ಯಾಪ್ (ಇಸಿಯು ಒಳಗಿನ ಪೆಟ್ರೋಲ್ ಲೆಕ್ಕದ ಪಟ್ಟಿ) ಹಾಕಬಲ್ಲವರ ಹತ್ತಿರ ಹೋಗಬೇಕು. 2020ರ ಏಪ್ರಿಲ್ ನಂತರದ ಬಿಎಸ್6 ಗಾಡಿಗಳಿಗೆ ಬರೀ ಕ್ಯಾಮ್ ಹಾಕಿ ಮ್ಯಾಪ್ ಬಿಡುವುದು ಅರ್ಧ ಕೆಲಸ.

ಹೆಡ್ಡಿನಿಂದ ಟಿಕ್ ಟಿಕ್ ಸದ್ದು

ಕ್ಯಾಮ್ ಕ್ರ್ಯಾಂಕಿನ ಅರ್ಧ ವೇಗದಲ್ಲಿ ತಿರುಗುತ್ತದೆ, ಹಾಗಾಗಿ ಟ್ಯಾಪೆಟ್ ಸದ್ದಿಗೆ ಒಂದು ನಿಧಾನದ ಲಯ ಇರುತ್ತದೆ. ಐಡ್ಲಿಂಗ್ 1200 ಇದ್ದರೆ ಒಂದು ವಾಲ್ವ್ ಸೆಕೆಂಡಿಗೆ 10 ಸಲ ಬಡಿಯುತ್ತದೆ. ಟೈಮಿಂಗ್ ಚೈನ್ ಸದ್ದು ಹೀಗಲ್ಲ. ಅದು ಗರಗರ, ಜಾಸ್ತಿ ಕೇಳುವುದು ಎಕ್ಸಲೇಟರ್ ಬಿಟ್ಟಾಗ. ಉದ್ದನೆಯ ಸ್ಕ್ರೂಡ್ರೈವರ್ ತುದಿ ಟ್ಯಾಪೆಟ್ ಕವರ್ ಮೇಲೆ ಇಟ್ಟು ಹಿಡಿಕೆಗೆ ಕಿವಿ ಕೊಟ್ಟರೆ ಎರಡೂ ಬೇರೆ ಬೇರೆಯಾಗಿ ಕೇಳುತ್ತವೆ.

ಟ್ಯಾಪೆಟ್ ಸಂದು ಇಂಜಿನ್ ಪೂರ್ತಿ ತಣ್ಣಗಿದ್ದಾಗ ಅಳೆಯಬೇಕು. ನಮ್ಮ ಏಪ್ರಿಲ್ ಬಿಸಿಲಲ್ಲಿ ಮಧ್ಯಾಹ್ನ ನಿಂತ ಗಾಡಿಯ ಇಂಜಿನ್ ತಣ್ಣಗಿದೆ ಅನ್ನುವ ಹಾಗಿಲ್ಲ. ರಾತ್ರಿ ನಿಲ್ಲಿಸಿ ಬೆಳಿಗ್ಗೆ ಮಾಡಿ. ಅಳತೆ ಕ್ಯಾಮ್ ಕಾರ್ಡಿನದು ಹಿಡಿಯಿರಿ, ಕಂಪನಿ ಮ್ಯಾನ್ಯುವಲ್‌ನದಲ್ಲ. ಹೊಸ ಲೋಬಿನ (ಕ್ಯಾಮ್ ಉಬ್ಬಿನ) ಏರು ಬೇರೆ, ಸಂದು ಕೂಡ ಬೇರೆ ಇರಬಹುದು.

ಇಲ್ಲಿ ಒಂದು ಮಾತು ಒತ್ತಿ ಹೇಳಬೇಕು. ಸ್ವಲ್ಪ ಸದ್ದು ಮಾಡುವ ಟ್ಯಾಪೆಟ್‌ಗಿಂತ ಸದ್ದೇ ಇಲ್ಲದ ಟ್ಯಾಪೆಟ್ ಅಪಾಯ. ಗಿರಾಕಿ "ಆವಾಜ್ ಬರಬಾರದು ನೋಡ್ರಿ" ಅನ್ನುತ್ತಾರೆ, ಮಿಸ್ತ್ರಿ ಬಿಗಿ ಮಾಡಿ ಕೊಡುತ್ತಾರೆ, ಇಬ್ಬರಿಗೂ ಖುಷಿ. ಬಿಸಿಯಾದಾಗ ವಾಲ್ವ್ ಉದ್ದವಾಗುತ್ತದೆ. ಸಂದು ಇಲ್ಲದಿದ್ದರೆ ಅದು ಸೀಟಿನ ಮೇಲೆ ಪೂರ್ತಿ ಕೂರುವುದಿಲ್ಲ. ಸೀಟಿಗೆ ತಾಗಿದಾಗಲೇ ವಾಲ್ವಿನ ಬಿಸಿ ಹೆಡ್ಡಿಗೆ ಇಳಿಯುವುದು. ಅದು ನಿಂತರೆ ಎಕ್ಸಾಸ್ಟ್ ವಾಲ್ವ್ ಅಂಚು ಸುಡುತ್ತದೆ.

ಹಳೇ ಬುಲೆಟ್‌ನಲ್ಲಿ ಇಂಜಿನ್ ತಣ್ಣಗಿದ್ದಾಗ ಪುಶ್‌ರಾಡ್ (ಕೆಳಗಿನ ಕ್ಯಾಮ್‌ನಿಂದ ಮೇಲಿನ ವಾಲ್ವ್ ಕಡೆಗೆ ಒತ್ತುವ ಕಡ್ಡಿ) ಬೆರಳಲ್ಲಿ ಸಲೀಸಾಗಿ ತಿರುಗಬೇಕು, ಮೇಲೆ ಕೆಳಗೆ ಅಲ್ಲಾಡಬಾರದು. ಯುಸಿಇ ಇಂಜಿನ್‌ನಲ್ಲಿ ಹೈಡ್ರಾಲಿಕ್ ಟ್ಯಾಪೆಟ್, ಸೆಟ್ ಮಾಡುವಂಥದ್ದು ಏನೂ ಇಲ್ಲ. ಅವುಗಳಿಗೆ ಆಯಿಲ್ ತುಂಬುವವರೆಗೆ ಸದ್ದು ಬರುತ್ತದೆ. ಬಿಸಿಯಾದ ಮೇಲೂ ನಿಲ್ಲದಿದ್ದರೆ ಪುಶ್‌ರಾಡ್ ಉದ್ದ ಹೊಸ ಕ್ಯಾಮ್‌ಗೆ ಹೊಂದುತ್ತಿಲ್ಲ ಅಂತ ಅನುಮಾನ ಪಡಿ.

ಟ್ಯಾಪೆಟ್ ಸರಿ ಮಾಡಿದ ಮೇಲೆ ಕೆಲವೇ ದಿನಕ್ಕೆ ಮತ್ತೆ ಸಡಿಲಾದರೆ ಲೋಬೋ, ಅದರ ಮೇಲೆ ಓಡಿ ವಾಲ್ವ್ ಒತ್ತುವ ರಾಕರೋ ಸವೆಯುತ್ತಿದೆ ಅಂತ ಅರ್ಥ. ಹಳೇ ಗುಳಿ ಬಿದ್ದ ರಾಕರ್ ಮೇಲೆ ಹೊಸ ಕ್ಯಾಮ್ ಓಡಿಸಿದರೆ ಹೀಗೇ. ಇಲ್ಲವೇ ಗ್ಯಾಸ್ಕೆಟ್ ಪೇಸ್ಟ್ ಜಾಸ್ತಿ ಹಚ್ಚಿ ಆಯಿಲ್ ದಾರಿ ಮುಚ್ಚಿರಬಹುದು. ಲೋಕಲ್ ಆಗಿ ವೆಲ್ಡ್ ಹಿಡಿದು ಗ್ರೈಂಡ್ ಮಾಡಿದ ಕ್ಯಾಮ್ ಆದರೆ ಇನ್ನೊಂದು ಕಾರಣ ಇದೆ. ನಮ್ಮ ಗೋಕುಲ ರೋಡಿನ ಇಂಡಸ್ಟ್ರಿಯಲ್ ಎಸ್ಟೇಟ್‌ನಲ್ಲಿ ಕೈಚಳಕದ ಟರ್ನರ್‌ಗಳಿಗೆ ಬರ ಇಲ್ಲ. ಆದರೆ ಕ್ಯಾಮ್ ಲೋಬಿನ ಮೇಲ್ಪದರ ಗಟ್ಟಿ ಮಾಡಿರುವಂಥದ್ದು. ಗ್ರೈಂಡ್ ಮಾಡಿ ಆ ಪದರ ಹೋದರೆ, ಮತ್ತೆ ಹಾರ್ಡನಿಂಗ್ ಮಾಡದಿದ್ದರೆ, ಆಕಾರ ಎಷ್ಟು ಚಂದ ಇದ್ದರೂ ಉಳಿಯುವುದಿಲ್ಲ.

ಕೆಳಗಡೆ ಪಿಕಪ್ ಹೋಯಿತು, ಮೇಲೆ ಮಾತ್ರ ಓಡುತ್ತದೆ

ಅತಿ ಹೆಚ್ಚು ಬರುವ ದೂರು ಇದೇ. ಆರಿಸಿದ ತಪ್ಪು ಮತ್ತು ಕೂರಿಸಿದ ತಪ್ಪು ಒಂದರೊಳಗೊಂದು ಸಿಕ್ಕಿಕೊಳ್ಳುವುದೂ ಇಲ್ಲೇ.

ಮೊದಲು ಪುಕ್ಕಟೆ ಪರೀಕ್ಷೆಗಳು. ಏರ್ ಫಿಲ್ಟರ್ ತೆಗೆದು ನೋಡಿ. ಬೇಸಿಗೆಯಲ್ಲಿ ಅಣ್ಣಿಗೇರಿ, ಗದಗ ಕಡೆ ಓಡಾಡುವ ಗಾಡಿಗಳ ಫಿಲ್ಟರ್‌ನಲ್ಲಿ ಎರೆಮಣ್ಣಿನ ಧೂಳು ಹಿಟ್ಟಿನ ಹಾಗೆ ಕೂತಿರುತ್ತದೆ. ಹಿಂದಿನ ಬ್ರೇಕ್ ಹಿಡಿದಿದೆಯಾ, ಕ್ಲಚ್ ಜಾರುತ್ತಿದೆಯಾ ನೋಡಿ. ನಗಬೇಡಿ, ಕ್ಯಾಮ್ ಮೇಲೆ ಹಾಕಿದ ಎಷ್ಟೋ ಅಪವಾದ ಕ್ಲಚ್ ಪ್ಲೇಟಿಗೆ ಸೇರಬೇಕಾದದ್ದು.

ಮುಂದೆ ಕಂಪ್ರೆಷನ್. ಇಂಜಿನ್ ಬಿಸಿ ಮಾಡಿ, ಎಕ್ಸಲೇಟರ್ ಪೂರ್ತಿ ತಿರುಗಿಸಿ ಹಿಡಿದು ಅಳೆಯಿರಿ. ಕ್ಯಾಮ್ ಹಾಕುವ ಮುಂಚಿನ ಲೆಕ್ಕ ಬರೆದಿಟ್ಟಿದ್ದರೆ ಅದಕ್ಕಿಂತ ಒಳ್ಳೆಯದು ಇಲ್ಲ. ಪುಸ್ತಕದ ಅಂಕಿ ಜೊತೆ ಹೋಲಿಸುವಾಗ ಒಂದು ನೆನಪಿರಲಿ: ಹುಬ್ಬಳ್ಳಿ ಸಮುದ್ರಮಟ್ಟಕ್ಕಿಂತ ಸುಮಾರು 650 ಮೀಟರ್ ಮೇಲಿದೆ, ಇಲ್ಲಿ ಗಾಳಿಯ ಒತ್ತಡವೇ ಶೇ. 7ರ ಆಸುಪಾಸು ಕಡಿಮೆ. ಡಿಕಂಪ್ರೆಸರ್ ಇರುವ ಇಂಜಿನ್‌ನಲ್ಲೂ ಗೇಜ್ ಕಡಿಮೆ ತೋರಿಸುತ್ತದೆ.

ಕಂಪ್ರೆಷನ್ ಸ್ವಲ್ಪ ಇಳಿದಿದ್ದರೆ ಗಾಬರಿ ಬೇಡ. ದೊಡ್ಡ ಕ್ಯಾಮ್‌ನಲ್ಲಿ ಇನ್‌ಟೇಕ್ ವಾಲ್ವ್ ತಡವಾಗಿ ಮುಚ್ಚುತ್ತದೆ. ಪಿಸ್ಟನ್ ಮೇಲೆ ಬರಲು ಶುರು ಮಾಡಿದ ಮೇಲೂ ಬಾಗಿಲು ತೆರೆದೇ ಇರುವುದರಿಂದ ಒಂದಷ್ಟು ಗಾಳಿ ವಾಪಸ್ ಹೋಗುತ್ತದೆ. ತೀರಾ ಇಳಿದಿದ್ದರೆ ಪ್ಲಗ್ ತೂತಿನಿಂದ ಒಂದು ಚಮಚ ಆಯಿಲ್ ಬಿಟ್ಟು ಮತ್ತೆ ಅಳೆಯಿರಿ. ಏರಿದರೆ ಪಿಸ್ಟನ್ ರಿಂಗ್. ಏರದಿದ್ದರೆ ವಾಲ್ವ್ ಅಥವಾ ಟೈಮಿಂಗ್. ಯಾವ ವಾಲ್ವ್ ಅಂತ ತಿಳಿಯಲು ಗ್ಯಾರೇಜಿನಲ್ಲಿ ಲೀಕ್ ಡೌನ್ ಪರೀಕ್ಷೆ ಮಾಡಿಸಿ: ಪಿಸ್ಟನ್ ಮೇಲೆ ನಿಲ್ಲಿಸಿ ಪ್ಲಗ್ ತೂತಿನಿಂದ ಗಾಳಿ ತುಂಬುತ್ತಾರೆ. ಬುಸ್ ಸದ್ದು ಸೈಲೆನ್ಸರ್‌ನಲ್ಲಿ ಕೇಳಿದರೆ ಎಕ್ಸಾಸ್ಟ್, ಕಾರ್ಬೊರೇಟರ್ ಕಡೆ ಕೇಳಿದರೆ ಇನ್‌ಟೇಕ್, ಆಯಿಲ್ ಹಾಕುವ ಬಾಯಿಯಲ್ಲಿ ಕೇಳಿದರೆ ರಿಂಗ್.

ಇದೆಲ್ಲ ಸರಿ ಇದ್ದು, ಟೈಮಿಂಗ್ ಗುರುತೂ ಸರಿ ಇದ್ದು, ಆದರೂ ಕೆಳಗೆ ಸತ್ತ ಹಾಗೆ ಇದ್ದರೆ ಈಗ ಕ್ಯಾಮ್ ಕಾರ್ಡ್ ಓದುವ ಸಮಯ.

ಒಂದು ಕಾರ್ಡಿನಲ್ಲಿ ಹೀಗಿದೆ ಅಂದುಕೊಳ್ಳಿ: ಇನ್‌ಟೇಕ್ ಪಿಸ್ಟನ್ ಮೇಲೆ ಬರುವ 15 ಡಿಗ್ರಿ ಮೊದಲು ತೆರೆದು, ಕೆಳಗೆ ಮುಟ್ಟಿದ 45 ಡಿಗ್ರಿ ಆದ ಮೇಲೆ ಮುಚ್ಚುತ್ತದೆ. 15 + 180 + 45 ಅಂದರೆ 240 ಡಿಗ್ರಿ ಡ್ಯುರೇಷನ್, ವಾಲ್ವ್ ತೆರೆದಿರುವ ಹೊತ್ತು. ಎಕ್ಸಾಸ್ಟ್ ಪಿಸ್ಟನ್ ಮೇಲೆ ಮುಟ್ಟಿದ 15 ಡಿಗ್ರಿ ಆದ ಮೇಲೆ ಮುಚ್ಚಿದರೆ ಓವರ್‌ಲ್ಯಾಪ್ 30. ಇನ್ನೊಂದು ಕಾರ್ಡಿನಲ್ಲಿ 30 ಮತ್ತು 60 ಇದೆ, ಎಕ್ಸಾಸ್ಟ್ 30ಕ್ಕೆ ಮುಚ್ಚುತ್ತದೆ. ಡ್ಯುರೇಷನ್ 270, ಓವರ್‌ಲ್ಯಾಪ್ 60. ಈ ಎರಡನೆಯದು ಸಿಂಗಲ್ ಸಿಲಿಂಡರ್ ಗಾಡಿಗೆ ಬಂದರೆ ಕೆಳಗಿನ ಎಳೆತ ಮೇಲಕ್ಕೆ ಹೋಗಿ ಕೂರುತ್ತದೆ. ಶಕ್ತಿ ಕಳೆದುಹೋಗಿಲ್ಲ, ನೀವು ಓಡಿಸುವ ಆರ್‌ಪಿಎಂನಲ್ಲಿ ಸಿಗುತ್ತಿಲ್ಲ ಅಷ್ಟೇ. ಎರಡು ಕಾರ್ಡ್ ಹೋಲಿಸುವಾಗ ಎಷ್ಟು ಲಿಫ್ಟಿನಲ್ಲಿ ಅಳೆದದ್ದು ಅಂತಲೂ ನೋಡಿ. ಒಬ್ಬರು 1 ಮಿ.ಮೀ.ಗೆ ಅಳೆಯುತ್ತಾರೆ, ಇನ್ನೊಬ್ಬರು 1.27 ಮಿ.ಮೀ.ಗೆ, ಮತ್ತೊಬ್ಬರು ವಾಲ್ವ್ ಅಲುಗಿದಲ್ಲಿಂದಲೇ. ಒಂದೇ ಕ್ಯಾಮ್‌ಗೆ ಮೂರು ಅಂಕಿ ಬರುತ್ತವೆ.

ನಮ್ಮ ಓಡಾಟ ಎಂಥದ್ದು ಯೋಚಿಸಿ. ಹುಬ್ಬಳ್ಳಿಯಿಂದ ಧಾರವಾಡಕ್ಕೆ 20 ಕಿಲೋಮೀಟರ್. ಉಣಕಲ್, ನವನಗರ, ನವಲೂರು ದಾಟುವ ಹೊತ್ತಿಗೆ ಸಿಗ್ನಲ್, ಚಿಗರಿ ಹೆಸರಿನ ನಗರ ಬಸ್ಸಿನ ದಾರಿ, ಅಡ್ಡ ಬರುವ ಆಟೋ. ವಾರಕ್ಕೊಮ್ಮೆ ಹಾವೇರಿ ಕಡೆ ಹೆದ್ದಾರಿ, ಯಾವಾಗಲಾದರೂ ಯಲ್ಲಾಪುರ ದಾಟಿ ಅರಬೈಲ್ ಘಾಟ್. ಘಾಟಿನಲ್ಲಿ ಬೇಕಾಗುವುದು ನಡುಮಟ್ಟದ ಎಳೆತ, ಮೇಲ್ತುದಿಯ ಕೂಗಲ್ಲ. ಇಂಥ ಓಡಾಟಕ್ಕೆ ನನ್ನ ಮತ ಲಿಫ್ಟ್ ಸ್ವಲ್ಪ ಜಾಸ್ತಿ, ಡ್ಯುರೇಷನ್ ಕಂಪನಿಯದಕ್ಕಿಂತ ಒಂಚೂರು ಮಾತ್ರ ಜಾಸ್ತಿ ಇರುವ ಕ್ಯಾಮ್. ಡ್ಯುರೇಷನ್ ದೊಡ್ಡದು ಬೇಕೇ ಬೇಕು ಅಂದರೆ ಕಂಪ್ರೆಷನ್ ರೇಶಿಯೋ, ಕಾರ್ಬೊರೇಟರ್, ಸೈಲೆನ್ಸರ್ ಎಲ್ಲವೂ ಜೊತೆಗೆ ಬದಲಾಗಬೇಕು.

ಕ್ಯಾಮ್ ವಾಪಸ್ ಕೊಡಲು ಆಗದಿದ್ದರೆ ಅಗ್ಗದ ದಾರಿ ಒಂದಿದೆ. ಹಿಂದಿನ ಚೈನ್ ಸ್ಪ್ರಾಕೆಟ್‌ಗೆ ಎರಡು ಹಲ್ಲು ಜಾಸ್ತಿ ಮಾಡಿ. 14ಕ್ಕೆ 42 ಇದ್ದದ್ದು 44 ಆದರೆ ಎಳೆತ ಶೇ. 5ರಷ್ಟು ಹತ್ತಿರ ಬರುತ್ತದೆ. ಟಾಪ್ ಸ್ಪೀಡ್ ಸ್ವಲ್ಪ ಹೋಗಬಹುದು, ಊರೊಳಗೆ ಅದು ಯಾರಿಗೆ ಬೇಕು ಹೇಳಿ.

ಮೇಲಿನ ಆರ್‌ಪಿಎಂನಲ್ಲಿ ಉಸಿರು ಕಟ್ಟುತ್ತದೆ

ಒಂದೇ ಆರ್‌ಪಿಎಂಗೆ ಕತ್ತರಿಸಿದ ಹಾಗೆ ಟಪ್ ಟಪ್ ಅಂತ ನಿಂತರೆ ಅದು ಸಿಡಿಐ (ಕಿಡಿ ಕೊಡುವ ಪೆಟ್ಟಿಗೆ) ಅಥವಾ ಇಸಿಯುನ ಲಿಮಿಟರ್, ಆರ್‌ಪಿಎಂ ಮಿತಿ ಮೀರದಂತೆ ತಡೆಯುವಂಥದ್ದು. ಕ್ಯಾಮ್ ಶಕ್ತಿ ಕೊಡುವುದು ಲಿಮಿಟರ್ ಆಚೆಗಾದರೆ ಆ ಕ್ಯಾಮ್ ಹಾಕಿದ್ದೇ ದಂಡ.

ಕತ್ತರಿಸುವ ಬದಲು ಮೆತ್ತಗೆ ಸೋಲುತ್ತಾ, ಹೆಡ್ಡಿನಿಂದ ಗಲಗಲ ಸದ್ದು ಬರುತ್ತಾ, ದಿನ ಕಳೆದಂತೆ ಇನ್ನೂ ಕೆಳಗಿನ ಆರ್‌ಪಿಎಂಗೇ ಶುರುವಾದರೆ ವಾಲ್ವ್ ಫ್ಲೋಟ್. ಸ್ಪ್ರಿಂಗಿಗೆ ವಾಲ್ವನ್ನು ಲೋಬಿನ ಜೊತೆ ವಾಪಸ್ ತರುವಷ್ಟು ಬಲ ಇಲ್ಲ. ರೇಸ್ ಮಾಡಿ ಪರೀಕ್ಷೆ ಮಾಡುವುದನ್ನು ನಿಲ್ಲಿಸಿ. ಗಟ್ಟಿ ಸ್ಪ್ರಿಂಗ್ ಹಾಕಿದರೆ ಮುಗಿಯಿತು ಅನ್ನಬೇಡಿ. ಲಿಫ್ಟ್ ಜಾಸ್ತಿಯಾದಾಗ ಸ್ಪ್ರಿಂಗಿನ ಸುರುಳಿಗಳು ಒಂದಕ್ಕೊಂದು ಅಂಟಬಾರದು, ಪೂರ್ತಿ ಎತ್ತಿದಾಗಲೂ ಕನಿಷ್ಠ 1 ಮಿ.ಮೀ. ಉಳಿಯಬೇಕು. ರಿಟೇನರ್ (ಸ್ಪ್ರಿಂಗನ್ನು ಮೇಲಿನಿಂದ ಹಿಡಿಯುವ ಬಟ್ಟಲು) ವಾಲ್ವ್ ಸೀಲಿಗೆ ತಾಗಬಾರದು.

ಹಾಗೆಯೇ ವಾಲ್ವ್-ಪಿಸ್ಟನ್ ನಡುವಿನ ಸಂದು. ಪಿಸ್ಟನ್ ಮೇಲೆ ಮಕ್ಕಳ ಪ್ಲಾಸ್ಟಿಸಿನ್ ಜೇಡಿ ಅಂಟಿಸಿ, ಹೆಡ್ ಕೂರಿಸಿ, ಕೈಯಿಂದ ಎರಡು ಸುತ್ತು ತಿರುಗಿಸಿ, ಬಿಚ್ಚಿ, ಜೇಡಿ ಎಲ್ಲಿ ತೆಳುವಾಗಿದೆಯೋ ಅಲ್ಲಿ ಅಳೆಯಿರಿ. ಕಾರ್ಡಿನಲ್ಲಿ ಬೇರೆ ಅಂಕಿ ಇಲ್ಲದಿದ್ದರೆ ಇನ್‌ಟೇಕ್‌ಗೆ 1.5, ಎಕ್ಸಾಸ್ಟ್‌ಗೆ 2 ಮಿ.ಮೀ.ಗಿಂತ ಕಡಿಮೆ ಬೇಡ. ಇದು ಹೆಡ್ ಇಳಿಸುವ ಕೆಲಸ. ಕೈ ಪಳಗಿಲ್ಲದಿದ್ದರೆ ಮಿಸ್ತ್ರಿಗೆ ಬಿಡಿ, ಆದರೆ ಮಾಡಿಸದೆ ಬಿಡಬೇಡಿ.

ಇವು ಕಂಡರೆ ಗಾಡಿ ಬಂದ್ ಮಾಡಿ, ತಳ್ಳಿಕೊಂಡು ಹೋಗಿ

ಓಡುತ್ತಿದ್ದ ಇಂಜಿನ್ ಒಮ್ಮೆಲೇ ಟಕ್ ಅಂತ ನಿಂತರೆ. ಕಬ್ಬಿಣ ಬಡಿದಂಥ ಸದ್ದು ಆರ್‌ಪಿಎಂ ಜೊತೆ ಏರಿದರೆ. ಆಯಿಲ್ ಇಳಿಸಿದಾಗ ಬಿಸಿಲಿಗೆ ಮಿನುಗುವ ಪುಡಿ ಕಂಡರೆ. ಕಂಪ್ರೆಷನ್ ಗೇಜ್ ಮುಳ್ಳು ಏಳದೇ ಇದ್ದರೆ. ಕಾರ್ಬೊರೇಟರ್ ಬಾಯಿಂದ ಬೆಂಕಿ ಉಗುಳಿದರೆ. ಇದರಲ್ಲಿ ಒಂದು ಕಂಡರೂ "ಮನೀ ತನಕ ಹೋಗಿಬಿಡ್ತೀನಿ" ಅನ್ನಬೇಡಿ. ಬಾಗಿದ ವಾಲ್ವ್ ಒಂದರ ಖರ್ಚು, ಮುರಿದು ಸಿಲಿಂಡರ್‌ಗೆ ಬಿದ್ದ ವಾಲ್ವಿನ ಖರ್ಚು ಬೇರೆ ಬೇರೆ.

ಮಿಸ್ತ್ರಿ ಹತ್ತಿರ ಗಾಡಿ ಬಿಡುವಾಗ ಕ್ಯಾಮ್ ಕಾರ್ಡ್, ಹಳೇ ಕ್ಯಾಮ್, ತೆಗೆದ ಪ್ಲಗ್, ಬರೆದಿಟ್ಟ ಕಂಪ್ರೆಷನ್ ಮತ್ತು ಟ್ಯಾಪೆಟ್ ಲೆಕ್ಕ ಜೊತೆಗೆ ಕೊಡಿ. ಯಾವ ಆರ್‌ಪಿಎಂನಲ್ಲಿ, ಬಿಸಿಯಾದ ಮೇಲೋ ತಣ್ಣಗಿದ್ದಾಗಲೋ ಅಂತ ಹೇಳಿ. ಹಳೇ ಕ್ಯಾಮ್ ಗುಜರಿಗೆ ಹಾಕಬೇಡಿ. ಕಂಪನಿ ವಾರಂಟಿ ಬಾಕಿ ಇದ್ದರೆ ಇಂಥ ಬದಲಾವಣೆಗೆ ಅದು ಸಿಗುವುದು ಕಷ್ಟ. ಮೋಟಾರು ವಾಹನ ಕಾಯ್ದೆಯ 52ನೇ ಕಲಂ ಕೂಡ ಗಾಡಿಯ ಮೂಲ ವಿವರ ಬದಲಿಸುವುದಕ್ಕೆ ಅಡ್ಡಿ ಹೇಳುತ್ತದೆ, ಬದಲಿಸುವ ಮುಂಚೆ ಆರ್‌ಟಿಒ ಕಚೇರಿಯಲ್ಲಿ ವಿಚಾರಿಸಿ. ಹಳೇ ಕ್ಯಾಮ್ ಮನೆಯಲ್ಲಿದ್ದರೆ ಮತ್ತೆ ಅದನ್ನೇ ಹಾಕಿ ನೋಡುವ ಪರೀಕ್ಷೆಯೂ ಕೈಯಲ್ಲೇ ಇರುತ್ತದೆ. ಅದರಲ್ಲೂ ಗಾಡಿ ಎಳೆಯದಿದ್ದರೆ ದೋಷ ಕ್ಯಾಮ್‌ದಲ್ಲ, ಬೇರೆ ಕಡೆ ಹುಡುಕಬೇಕು.